ಎಲ್ಲಿಗೆ ಹೋಗಿದ್ದಿ?: ಗಡಿಕನ್ನಡದ ಪದಪಟ್ಟಿಗಳಲ್ಲಿ ದುಡಿಯುವ ಜಾಗಗಳು

ಗಡಿನಾಡಿನ ಕನ್ನಡವನ್ನು ಕುರಿತ ಪ್ರಬಂಧಗಳಿಗೆ ಒಂದು ಗೊತ್ತಾದ ಆಕಾರ ಬಂದುಬಿಟ್ಟಿದೆ. ಮೊದಲು ಪ್ರದೇಶದ ಪರಿಚಯ, ಅನಂತರ ಧ್ವನಿವ್ಯತ್ಯಾಸ, ವಿಭಕ್ತಿ, ಆಖ್ಯಾತ ಪ್ರತ್ಯಯಗಳ ಚರ್ಚೆ, ಕೊನೆಗೆ ಅನುಬಂಧವಾಗಿ ಒಂದು ಪದಪಟ್ಟಿ. ಆ ಪಟ್ಟಿಯಲ್ಲಿ ಬಂಧುವಾಚಕಗಳು, ಅಡುಗೆ-ಊಟ, ಬೇಸಾಯ, ಹಬ್ಬ-ಹುಣ್ಣಿಮೆ ಎಂಬ ವಿಭಾಗಗಳಿರುತ್ತವೆ. ಎಲ್ಲ ಮುಗಿದ ಮೇಲೆ ‘ಅನ್ಯಭಾಷಾ ಪ್ರಭಾವ’ ಎಂಬ ತಲೆಬರಹ. ಜನ ದುಡಿಯುವ ಜಾಗಗಳ ಹೆಸರುಗಳು ಈ ಪಟ್ಟಿಗಳಲ್ಲಿ ಎಲ್ಲಿ ಸಿಗುತ್ತವೆ ಎಂದು ಹುಡುಕಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹೊಲ, ತೋಟ, ಕಣ, ಕಂಬಾರಸಾಲಿ ಇವು ಬೇಸಾಯದ ವಿಭಾಗದಲ್ಲಿ ಗೌರವದಿಂದ ಕೂತಿರುತ್ತವೆ. ಗಿರಣಿ, ಖಾತೆ, ಕಾರಖಾನಿ, ಬ್ರಾಂಚು ಇವು ಕೊನೆಯ ತಲೆಬರಹದ ಕೆಳಗೆ ಸೇರಿರುತ್ತವೆ, ಎಷ್ಟೋ ಸಲ ಅಲ್ಲಿಯೂ ಇರುವುದಿಲ್ಲ. ಈ ವಿಂಗಡಣೆ ಸರಿಯಲ್ಲ, ಇದರಿಂದ ಭಾಷಿಕರಿಗೂ ಭಾಷಾಶಾಸ್ತ್ರಕ್ಕೂ ನಷ್ಟವಾಗಿದೆ ಎಂಬುದು ಈ ಲೇಖನದ ವಾದ.

ಬೇರೆಯವರ ಪಟ್ಟಿಯ ಮೇಲೆ ಕೈಮಾಡುವ ಮೊದಲು ನನ್ನದನ್ನೇ ತೆಗೆದುಕೊಳ್ಳುತ್ತೇನೆ. ಅಕ್ಕಲಕೋಟೆ ಕಡೆಯ ನಮ್ಮ ಊರಿನ ಮಾತನ್ನು ಕುರಿತು ವಿದ್ಯಾರ್ಥಿಯಾಗಿದ್ದಾಗ ನಾನೊಂದು ಪದಪಟ್ಟಿ ತಯಾರಿಸಿದ್ದೆ. ಸುಮಾರು ಒಂಬೈನೂರು ಪದಗಳು. ಅದರಲ್ಲಿ ಕಣಕ್ಕೆ ಸಂಬಂಧಿಸಿದವೇ ನಾಲ್ವತ್ತರ ಮೇಲಿದ್ದವು: ಮೇಟಿ, ಹಂತಿ, ರಾಶಿ, ತೂರುವುದು, ಹೀಗೆ. ನಮ್ಮ ಕಾಕಾ ಸೋಲಾಪುರದ ಒಂದು ನೂಲಿನ ಗಿರಣಿಯಲ್ಲಿ ದುಡಿದು ನಿವೃತ್ತನಾಗಿ ಊರಿಗೆ ಬಂದಿದ್ದ. ನನ್ನ ಮುಖ್ಯ ವಕ್ತೃಗಳಲ್ಲಿ ಅವನೂ ಒಬ್ಬ. ಪಟ್ಟಿ ಟೈಪಾಗಿ ಬಂದಾಗ ಕನ್ನಡಕ ಹಾಕಿಕೊಂಡು ಪೂರಾ ಓದಿದ. ಆಮೇಲೆ ಕೇಳಿದ: “ಹೊಲಾ ಬರದಿ, ಕಣಾ ಬರದಿ. ನಾ ಕಣದಾಗ ಎಷ್ಟ ದಿವಸ ನಿಂತಿದ್ನೋ? ಇಪ್ಪತ್ತೆಂಟ ವರ್ಷ ಖಾತೇದಾಗ ನಿಂತೀನಿ. ಅದನ್ಯಾಕ ಕಡೀಕ ಒಗದಿ?” ‘ಖಾತೆ’ ನನ್ನ ಪಟ್ಟಿಯ ಕೊನೆಯ ಪುಟದಲ್ಲಿತ್ತು. ಎದುರಿಗೆ ‘ಮರಾಠಿ’ ಎಂದಷ್ಟೇ ಬರೆದಿದ್ದೆ, ಅರ್ಥವನ್ನೂ ಕೊಟ್ಟಿರಲಿಲ್ಲ. ಅವನಿಗೆ ಆಗ ನಾನು ಹೇಳಿದ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ಎರವಲು, ದೇಶ್ಯ ಎಂದು ಏನೋ ಪಾಠ ಹೇಳಿದೆ.

ಈ ತಪ್ಪಿಗೆ ಒಂದು ವಂಶಾವಳಿಯಿದೆ. 1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ನಂಜನಗೂಡು, ತಿಪಟೂರು, ಗುಲ್ಬರ್ಗ ಮುಂತಾದ ಕನ್ನಡಗಳ ವರ್ಣನೆಗಳು ಬಂದವು. ಕನ್ನಡ ಉಪಭಾಷೆಗಳ ಅಧ್ಯಯನಕ್ಕೆ ಅವು ಹಾಕಿದ ತಳಪಾಯ ಗಟ್ಟಿಯಾದದ್ದು, ಅದರ ಮೇಲೆಯೇ ನಾವೆಲ್ಲ ನಿಂತಿದ್ದೇವೆ. ಆದರೆ ಅವುಗಳ ಗುರಿ ಧ್ವನಿಮಾ, ಆಕೃತಿಮಾಗಳ ವ್ಯವಸ್ಥೆಯನ್ನು ಕಾಣಿಸುವುದು. ಪದ ಅಲ್ಲಿ ಉದಾಹರಣೆ ಮಾತ್ರ. ಇನ್ನು ಪದಗಳನ್ನು ಕೇಳಲು ನಮ್ಮ ಕೈಗೆ ಸಿಕ್ಕಿದ್ದು ಮಾರಿಸ್ ಸ್ವಾದೇಶ್ ಅವರ ಮೂಲಪದಗಳ ಪಟ್ಟಿ. ಕಣ್ಣು, ಮೂಗು, ನೀರು, ಬೆಂಕಿ, ಸೂರ್ಯ, ನಾಯಿ. ಭಾಷೆಗಳು ಬೇರೆಯಾದ ಕಾಲವನ್ನು ಲೆಕ್ಕ ಹಾಕಲು ಮಾಡಿಕೊಂಡ ಪಟ್ಟಿಯಾದ್ದರಿಂದ ಸಂಸ್ಕೃತಿಗೆ ಅಂಟಿದ ಪದಗಳನ್ನು ಅದರಿಂದ ಬೇಕೆಂದೇ ಹೊರಗಿಟ್ಟಿದ್ದರು. ಮನುಷ್ಯ ದುಡಿಯುವ ಒಂದು ಜಾಗದ ಹೆಸರೂ ಅದರಲ್ಲಿಲ್ಲ. ಅದರ ಕೆಲಸಕ್ಕೆ ಅದು ಸರಿ. ಹತ್ತಿ ಗಿರಣಿಗಳ ಪೇಟೆಗೆ ಅದನ್ನೇ ಹಿಡಿದುಕೊಂಡು ಹೋದದ್ದು ನಮ್ಮ ತಪ್ಪು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1995ರಲ್ಲಿ ಎಂಟು ಸಂಪುಟಗಳಲ್ಲಿ ಪೂರ್ಣವಾಯಿತು. ಶಾಸನ ಮತ್ತು ಗ್ರಂಥಗಳ ಪ್ರಯೋಗಗಳ ಮೇಲೆ ನಿಂತ ಐತಿಹಾಸಿಕ ನಿಘಂಟು ಅದು. ಶಾಸನ ಹಾಕಿಸದವರ, ಪುಸ್ತಕ ಬರೆಯದವರ ಮಾತನ್ನು ಅದರಿಂದ ಪೂರಾ ನಿರೀಕ್ಷಿಸುವಂತಿಲ್ಲ. ಆ ಮಾತನ್ನು ಹಿಡಿಯಬೇಕಾದವರು ಉಪಭಾಷೆಯ ಅಭ್ಯಾಸಿಗಳು, ಅಂದರೆ ನಾವು.

ಎರವಲು ಎಂಬ ಕಾರಣವಾದರೂ ಸರಿಯಾದದ್ದೇ? ಬೆಂಗಳೂರು-ಮೈಸೂರಿನ ಶಿಷ್ಟ ಕನ್ನಡದಲ್ಲಿ ದುಡಿಮೆಯ ಜಾಗಕ್ಕೆ ಬಳಕೆಯಲ್ಲಿರುವ ಪದಗಳನ್ನು ನೋಡಿ: ಕಚೇರಿ, ಕಾರ್ಖಾನೆ, ಗೋದಾಮು, ಬ್ಯಾಂಕು, ಆಫೀಸು. ಇವುಗಳಲ್ಲಿ ಒಂದಾದರೂ ಅಚ್ಚಗನ್ನಡವೇ? ‘ಕಾರ್ಖಾನೆ’ ಫಾರಸಿಯಿಂದ ಬಂದದ್ದು ಎಂದು ಎಲ್ಲರಿಗೂ ಗೊತ್ತು, ಆದರೂ ಶಾಲೆಯ ಪುಸ್ತಕದಲ್ಲಿ ಅದು ಕನ್ನಡ ಪದ. ಸೋಲಾಪುರದ ‘ಕಾರಖಾನಿ’ ಮಾತ್ರ ಮರಾಠಿ ಪ್ರಭಾವ. ಒಂದೇ ಪದ ಭೀಮಾ ನದಿಯ ಈಚೆಗಿದ್ದರೆ ಮನೆಮಗಳು, ಆಚೆಗಿದ್ದರೆ ಬಂದವಳು. ಇದು ಭಾಷಾಶಾಸ್ತ್ರವಲ್ಲ, ನಕಾಶೆ ನೋಡಿ ಮಾಡಿದ ತೀರ್ಮಾನ.

ಪದ ಎಲ್ಲಿಂದ ಬಂತು ಎಂಬುದಕ್ಕಿಂತ ಬಂದಮೇಲೆ ಏನು ಮಾಡಿತು ಎಂಬುದು ಮುಖ್ಯ. ‘ಗಿರಣಿ’ಯನ್ನೇ ತೆಗೆದುಕೊಳ್ಳೋಣ. ಧಾರವಾಡ, ವಿಜಾಪುರದ ಕಡೆ ಬರೀ ಗಿರಣಿ ಎಂದರೆ ಹಿಟ್ಟು ಬೀಸುವ ಗಿರಣಿ. “ಗಿರಣಿಗೆ ಹೋಗಿ ಬರ್ತೀನಿ” ಎಂದು ಹೆಣ್ಣುಮಗಳು ಜ್ವಾಳದ ಬುಟ್ಟಿ ಹೊತ್ತು ಹೊರಡುತ್ತಾಳೆ. ಸೋಲಾಪುರದ ಕನ್ನಡಿಗರ ಓಣಿಯ ಹಿರಿಯರ ಬಾಯಲ್ಲಿ ಬರೀ ಗಿರಣಿ ಎಂದರೆ ಬಟ್ಟೆಯ ಗಿರಣಿ, ಬೀಸುವುದಕ್ಕೆ ‘ಹಿಟ್ಟಿನ ಗಿರಣಿ’ ಎಂದು ಬಿಡಿಸಿ ಹೇಳಬೇಕು. ವಿಶೇಷಣ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂಬುದರಲ್ಲಿ ಒಂದು ಪೇಟೆಯ ಜೀವನ ಇದೆ. 1870ರ ದಶಕದಲ್ಲಿ ಶುರುವಾದ ಹಳೆಯ ಗಿರಣಿ, ಜನ ‘ಜೂನಿ ಮಿಲ್’ ಎಂದು ಕರೆಯುತ್ತಿದ್ದದ್ದು, 1960ರ ದಶಕದಲ್ಲಿ ಬಾಗಿಲು ಹಾಕಿತು. ಆಮೇಲೆ ಉಳಿದವೂ ಒಂದೊಂದಾಗಿ ಮುಚ್ಚಿದವು. ಸುತ್ತಲಿನ ಹಳ್ಳಿಗಳಿಂದ ಕನ್ನಡಿಗರು, ಮರಾಠಿಗರು, ತೆಲಂಗಾಣದ ಕಡೆಯಿಂದ ತೆಲುಗರು ಬಂದು ಒಂದೇ ಭೋಂಗಾಕ್ಕೆ ಎದ್ದು ಒಂದೇ ಗೇಟಿನಲ್ಲಿ ಒಳಗೆ ಹೋದರು. ಆ ಗೇಟಿನ ಒಳಗಿನ ಪದಗಳು ಯಾರವು ಎಂದು ಪಾಲು ಮಾಡಹೊರಟರೆ ಮುಗಿಯುವ ವ್ಯಾಜ್ಯವಲ್ಲ.

ಕನ್ನಡಿಗ ಆ ಪದವನ್ನು ಹೇಗೆ ಆಡಿದ ನೋಡಿ. ‘ಗಿರಣಿ ಬಿಟ್ಟ’ ಎಂದರೆ ಕೆಲಸ ತೊರೆದ. ‘ಗಿರಣಿ ಬಿಡ್ತು’ ಎಂದರೆ ಪಾಳಿ ಮುಗಿದು ಜನ ಹೊರಗೆ ಬಂದರು. ‘ಗಿರಣಿ ಬಂದ್ ಬಿತ್ತು’ ಎಂದರೆ ಮುಚ್ಚಿಹೋಯಿತು. ಮೂರನೆಯದರಲ್ಲಿ ಮರಾಠಿಯ ‘ಬಂದ್ ಪಡಲೀ’ ಸ್ಪಷ್ಟವಾಗಿದೆ, ಅದನ್ನು ಒಪ್ಪೋಣ. ಎರಡನೆಯದನ್ನೂ ಮರಾಠಿಯ ‘ಗಿರಣೀ ಸುಟಲೀ’ ಎಂಬುದರ ಅನುವಾದವೆಂದು ಹಿಂದೆ ನಾನೇ ಬರೆದುಕೊಂಡಿದ್ದೆ. ಈಗ ಹಾಗೆ ತೋರುವುದಿಲ್ಲ. ‘ಸಾಲಿ ಬಿಡ್ತು’ ಎಂದು ಕನ್ನಡದ ಮಕ್ಕಳು ಎಲ್ಲ ಕಡೆಯೂ ಹೇಳುತ್ತಾರೆ. ಜನರನ್ನು ಹೊತ್ತಿಗೆ ಸರಿಯಾಗಿ ಒಳಗೆ ಹಾಕಿಕೊಂಡು ಹೊತ್ತಿಗೆ ಸರಿಯಾಗಿ ಹೊರಗೆ ಬಿಡುವ ಜಾಗಕ್ಕೆ ಕನ್ನಡದಲ್ಲಿ ಒಂದು ಕ್ರಿಯಾಪದ ಸಿದ್ಧವಾಗಿತ್ತು, ಗಿರಣಿ ಅದಕ್ಕೆ ಬಂದು ಕೂತಿತು. (ನಮ್ಮ ಕಡೆ ಕಂಬಾರನ ದುಡಿಮೆಯ ಜಾಗವೂ ‘ಸಾಲಿ’, ಮಕ್ಕಳು ಓದುವುದೂ ‘ಸಾಲಿ’. ಆದರೆ ಕಂಬಾರಸಾಲಿ ಎಂದೂ ‘ಬಿಡುವುದಿಲ್ಲ’. ಕಂಬಾರ ತನ್ನ ಹೊತ್ತಿಗೆ ತಾನೇ ಯಜಮಾನ.) ‘ಪಾಳಿ’ಯ ಕಥೆಯೂ ಹೀಗೆಯೇ. ಹುಬ್ಬಳ್ಳಿ ಕಡೆ ಪಾಳಿ ಹಚ್ಚುವುದೆಂದರೆ ಸಾಲಿನಲ್ಲಿ ನಿಲ್ಲುವುದು. ಗಿರಣಿಯಲ್ಲಿ ಪಾಳಿ ಎಂದರೆ ಎಂಟು ತಾಸಿನ ದುಡಿಮೆ. “ಅಂವಾ ರಾತ್ರಿ ಪಾಳ್ಯಾಗದಾನ” ಎಂಬಲ್ಲಿ ಹೊತ್ತಿಗೇ ಸಪ್ತಮಿ ಹತ್ತಿ ಅದು ಮನುಷ್ಯ ಇರುವ ಜಾಗವೇ ಆಗಿಬಿಟ್ಟಿದೆ.

ಈಗ ಕಾಕಾನ ‘ಖಾತೆ’ಗೆ ಬರುತ್ತೇನೆ. ಶಿಷ್ಟ ಕನ್ನಡದಲ್ಲಿ ಖಾತೆ ಎಂದರೆ ಲೆಕ್ಕದ ಬಾಬು. ಬ್ಯಾಂಕಿನಲ್ಲಿ ಇರುವುದು, ಮಂತ್ರಿಗಳು ಹಂಚಿಕೊಳ್ಳುವುದು. ಅದಕ್ಕೆ ಗೋಡೆಯಿಲ್ಲ, ಸೂರಿಲ್ಲ. ಗಿರಣಿಯಲ್ಲಿ ರಿಂಗ್ ಖಾತೆ, ಕಾರ್ಡಿಂಗ್ ಖಾತೆ, ಸಾಂಚಾ ಖಾತೆ ಎಂದರೆ ಒಂದೊಂದು ದೊಡ್ಡ ಮನೆ. ಕಾಕಾ ಹೇಳಿದ ಕೆಲವು ವಾಕ್ಯಗಳು ನನ್ನ ಹಳೆಯ ಚೀಟಿಗಳಲ್ಲಿವೆ: “ಖಾತೇದಾಗ ಗಾಳಿ ಇರ್ತಿರಲಿಲ್ಲ, ಕಿಡಕಿ ತಗದ್ರ ನೂಲ ಹರೀತದ ಅಂತಿದ್ರು.” “ಖಾತೆ ಕಸಾ ಹೊಡಿಯಾಕಿ ಒಬ್ಬಾಕಿ ಇದ್ಲು.” “ಖಾತೇದಾಗ ಕೂತ ರೊಟ್ಟಿ ತಿಂದ್ರ ರೊಟ್ಟಿ ಮ್ಯಾಲ ಅಳ್ಳಿ ಕೂಡ್ತಿತ್ತು.” ಖಾತೆಯಲ್ಲಿ ಗಾಳಿಯಿಲ್ಲ, ಖಾತೆಯ ಕಸ ಗುಡಿಸುವುದು, ಖಾತೆಯಲ್ಲಿ ಕೂತು ಉಣ್ಣುವುದು. ಬೆಂಗಳೂರಿನ ಓದುಗನಿಗೆ ಇವು ನಗು ತರಿಸುವ ವಾಕ್ಯಗಳು. ಅರ್ಥವಿಸ್ತಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಲೆಕ್ಕದ ಪುಸ್ತಕದ ಒಂದು ಪುಟ ಮನುಷ್ಯರು ಬೆವರುವ ಕೋಣೆಯ ಹೆಸರಾಯಿತು. ಮರಾಠಿಯಲ್ಲೂ ಈ ಅರ್ಥ ಇತ್ತು, ಪದ ಅಲ್ಲಿಂದಲೇ ಬಂದದ್ದು. ಆದರೆ ‘ಖಾತೇದಾಗಿನ ಮಂದಿ’, ‘ಒಂದ ಖಾತೆ ಅಂವ’ ಎಂದು ಅದರಿಂದ ಹೊಸ ನಂಟಸ್ತಿಕೆಯ ಮಾತುಗಳನ್ನು ಕಟ್ಟಿದಾಗ ಅದು ನಮ್ಮ ಬಂಧುವಾಚಕಗಳ ಪಕ್ಕಕ್ಕೆ ಬಂದು ನಿಂತಿತು. ಮದುವೆಯ ಕಾರ್ಡು ಕೊಡುವಾಗ ಕಾಕಾ ‘ಬೀಗರು, ಭಾವಕಿ, ಖಾತೆ ಮಂದಿ’ ಎಂದು ಮೂರು ಪಾಲು ಮಾಡುತ್ತಿದ್ದ. ನಾನು ಮೊದಲೆರಡನ್ನು ಪಟ್ಟಿಯ ಮೊದಲ ಪುಟದಲ್ಲಿ ಹಾಕಿ ಮೂರನೆಯದನ್ನು ಕಡೆಯ ಪುಟಕ್ಕೆ ಒಗೆದಿದ್ದೆ.

‘ಕಾರಖಾನಿ’ಯ ಬಗ್ಗೆ ಒಂದೆರಡು ಮಾತು ಸಾಕು. ಸೋಲಾಪುರದಲ್ಲಿ ಇದು ಗಿರಣಿಗಿಂತ ಸಣ್ಣದು. ಚಾದರ, ಟಾವೆಲ್ಲು ನೇಯುವ ನಾಲ್ಕು ಹತ್ತು ಮಾಗಗಳ ಷೆಡ್ಡಿಗೆ ಕಾರಖಾನಿ, ಅದರ ಒಡೆಯ ಕಾರಖಾನದಾರ. ಮಗ್ಗ, ಮಾಗ, ಮಗ್ಗಂ ಮೂರೂ ಅಲ್ಲಿ ಒಂದೇ ಓಣಿಯಲ್ಲಿ ಕೇಳಿಸುತ್ತವೆ. ಕನ್ನಡಿಗರು ವಿದ್ಯುತ್ತಿನದಕ್ಕೆ ಮಾಗ ಎಂದೂ ಕುಣಿಯಲ್ಲಿ ಕಾಲಿಳಿಬಿಟ್ಟು ಕೂಡುವುದಕ್ಕೆ ಮಗ್ಗ ಎಂದೂ ಬೇರೆ ಮಾಡಿ ಹೇಳಿದ್ದನ್ನು ಒಂದೆರಡು ಮನೆಗಳಲ್ಲಿ ಕೇಳಿದ್ದೇನೆ. ಎಲ್ಲ ಕಡೆ ಹೀಗೇ ಎಂದು ಹೇಳುವಷ್ಟು ಸಾಮಗ್ರಿ ಇದಲ್ಲ.

ಇಲ್ಲಿಯವರೆಗೆ ಹೇಳಿದ್ದು ಮನೆ ಬಿಟ್ಟು ಹೋಗಿ ದುಡಿಯುವ ಜಾಗಗಳ ಮಾತು. ಮನೆಯೇ ದುಡಿಯುವ ಜಾಗವಾದಾಗ ನಮ್ಮ ಪ್ರಶ್ನಾವಳಿ ಇನ್ನೂ ಹೆಚ್ಚು ಸೋಲುತ್ತದೆ. ಅದಕ್ಕೆ ಗಡಿಯ ಇನ್ನೊಂದು ತುದಿಗೆ, ಕಾಸರಗೋಡಿಗೆ ಹೋಗಬೇಕು. ಮಂಜೇಶ್ವರದ ಆಸುಪಾಸಿನಲ್ಲಿ ಒಂದು ಮನೆಯ ಜಗಲಿಯಲ್ಲಿ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಹೆಂಗಸೊಬ್ಬರನ್ನು ಮಾತಿಗೆ ಎಳೆದಿದ್ದೆ. “ನೀವು ಎಂತ ಕೆಲಸ ಮಾಡುದು ಅಕ್ಕ?” “ಕೆಲಸ ಎಂತದೂ ಇಲ್ಲ. ಬೀಡಿ ಕಟ್ಟುದು.” ಕೈ ಒಂದು ಗಳಿಗೆಯೂ ನಿಂತಿರಲಿಲ್ಲ. ಸಾವಿರದ ಲೆಕ್ಕದಲ್ಲಿ ಕೂಲಿ. ಎಲೆ, ಹುಡಿ, ನೂಲು ಕಂಪನಿಯದು. ಬಂದವನಿಗೆ ಹೇಳಲು ಮಾತ್ರ ಅದು ಕೆಲಸವಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಸೆರಗು ಸರಿಮಾಡಿಕೊಂಡು, “ನಾನು ಒಮ್ಮೆ ಬ್ರಾಂಚಿಗೆ ಹೋಗಿ ಬರ್ತೇನೆ” ಎಂದರು.

ಈ ‘ಬ್ರಾಂಚು’ ತುಳು, ಕನ್ನಡ, ಮಲಯಾಳ, ಕೊಂಕಣಿ ಯಾವ ಮನೆಮಾತಿನವರಿಗೂ ಬ್ರಾಂಚೇ. ಕಟ್ಟಿದ ಬೀಡಿಯನ್ನು ಎಣಿಸಿ, ಪರೀಕ್ಷಿಸಿ, ಸರಿಯಿಲ್ಲದ್ದನ್ನು ತೆಗೆದುಹಾಕಿ, ಪುಸ್ತಕದಲ್ಲಿ ಬರೆದು, ಮತ್ತೆ ಎಲೆ ಕೊಡುವ ಅಂಗಡಿಯಂಥ ಕೋಣೆ. ಅಲ್ಲಿ ಯಾರೂ ಬೀಡಿ ಕಟ್ಟುವುದಿಲ್ಲ. ಕೆಲಸ ನಡೆಯುವ ಜಾಗ ಜಗಲಿ, ಆದರೆ ಕೆಲಸಕ್ಕೆ ಸಂಬಂಧಿಸಿದ ಹೆಸರು ಇರುವುದು ಲೆಕ್ಕ ನಡೆಯುವ ಜಾಗಕ್ಕೆ. ಖಾತೆಯಲ್ಲಿ ಕಂಡದ್ದನ್ನೇ ಇಲ್ಲಿ ಮತ್ತೆ ಕಾಣುತ್ತೇವೆ. ದುಡಿಮೆಯನ್ನು ಎಣಿಸುವವನು ಎಲ್ಲಿ ಕೂತಿರುತ್ತಾನೋ ಅಲ್ಲಿ ಹೆಸರು ಹುಟ್ಟುತ್ತದೆ.

ಇದು ಬರೀ ಪದದ ವಿಚಾರವಲ್ಲ. 1966ರ ಬೀಡಿ ಮತ್ತು ಸಿಗಾರು ಕಾರ್ಮಿಕರ ಕಾಯಿದೆ ಬಂದಾಗ ಕೆಲಸದ ಆವರಣ ಎಂದರೆ ಯಾವುದು, ವಾಸದ ಮನೆ ಎಂದರೆ ಯಾವುದು, ಮನೆಯಲ್ಲಿ ಕೂತು ಕಟ್ಟುವವಳು ನೌಕರಳು ಹೌದೋ ಅಲ್ಲವೋ ಎಂಬ ಪ್ರಶ್ನೆಗಳು ಕಾನೂನಿನ ಪ್ರಶ್ನೆಗಳಾದವು. ಮನೆಗೆಲಸದವಳನ್ನೂ ನೌಕರಳೆಂದು ಆ ಕಾಯಿದೆ ಒಪ್ಪಿತು. 1968ರಲ್ಲಿ ಕೇರಳ ಇದನ್ನು ಜಾರಿಗೆ ತರಹೊರಟಾಗ ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳು ಆಗಿನ ಕಣ್ಣೂರು ಜಿಲ್ಲೆಯ ತಮ್ಮ ಬ್ರಾಂಚುಗಳನ್ನು ಮುಚ್ಚಿದವು. ಕಾಸರಗೋಡು ಅಂದು ಆ ಜಿಲ್ಲೆಯೊಳಗೇ ಇತ್ತು, ಬೇರೆ ಜಿಲ್ಲೆಯಾದದ್ದು 1984ರಲ್ಲಿ. ಸಾವಿರಾರು ಜನ ಕೆಲಸ ಕಳೆದುಕೊಂಡರು. ಅದರ ಬೆನ್ನಿಗೇ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಅದರ ಷೆಡ್ಡುಗಳಲ್ಲಿ ಜನ ಸಾಲಾಗಿ ಕೂತು ಕಟ್ಟುತ್ತಿದ್ದರು, ಒಬ್ಬ ಪತ್ರಿಕೆ ಓದಿ ಹೇಳುತ್ತಿದ್ದ. ಹೀಗೆ ಒಂದೇ ಬೀಡಿಯ ಕೆಲಸ ತೆಂಕಣ ಬದಿಯಲ್ಲಿ ಹೋಗಿ ಕೂತು ಮಾಡುವ ಕೆಲಸ, ಬಡಗಣ ಬದಿಯ ಜಗಲಿಯಲ್ಲಿ ‘ಎಂತದೂ ಇಲ್ಲ’. ‘ಕೆಲಸ’ ಎಂಬ ಪದದ ಅರ್ಥ ಚಂದ್ರಗಿರಿ ಹೊಳೆಯ ಆಚೆ-ಈಚೆ ಎಷ್ಟು ಬದಲಾಗುತ್ತದೆ ಎಂಬುದನ್ನು ಯಾವ ಪದಪಟ್ಟಿಯೂ ಹೇಳುವುದಿಲ್ಲ. ಏಕೆಂದರೆ ‘ಕೆಲಸ’ಕ್ಕೆ ಅಲ್ಲಿನ ರೂಪ ‘ಕೆಲಸ’ವೇ. ಧ್ವನಿಯಲ್ಲಿ ವ್ಯತ್ಯಾಸವಿಲ್ಲದ್ದನ್ನು ನಾವು ಬರೆದುಕೊಳ್ಳುವುದೇ ಇಲ್ಲ.

ಸೋಲಾಪುರದಲ್ಲೂ ಬೀಡಿಯ ಹೆಣ್ಣುಮಕ್ಕಳಿದ್ದಾರೆ, ಹೆಚ್ಚಿನವರು ತೆಲುಗು ಮನೆಮಾತಿನವರು, ನಡುವೆ ಕನ್ನಡದವರೂ ಉಂಟು. ಅಲ್ಲಿ ಬೀಡಿ ಒಯ್ದು ಕೊಡುವ ಜಾಗಕ್ಕೂ ಕಾರಖಾನಿ ಎನ್ನುತ್ತಾರೆ. “ಏನ ದಗದಾ ಮಾಡ್ತೀರಿ ಅವ್ವಾರ?” ಎಂದು ಕೇಳಿದಾಗ ಬಂದ ಉತ್ತರ, “ದಗದಾ ಏನಿಲ್ರಿ, ಮನ್ಯಾಗ ಇರ್ತೀನಿ, ಬಿಡಿ ಮಾಡ್ತೀನಿ.” ಎರಡು ಊರುಗಳ ನಡುವೆ ಏಳೆಂಟುನೂರು ಕಿಲೋಮೀಟರು. ವ್ಯಾಕರಣ ಬೇರೆ, ಧಾಟಿ ಬೇರೆ, ಉತ್ತರ ಒಂದೇ. ‘ದಗದ’ವನ್ನು ನಾವು ಉತ್ತರದ ಅಪರೂಪದ ದೇಶ್ಯವೆಂದು ಹೆಮ್ಮೆಯಿಂದ ಎತ್ತಿ ತೋರಿಸುತ್ತೇವೆ. ಅದು ಯಾರ ದುಡಿಮೆಗೆ ಸಲ್ಲುವುದಿಲ್ಲ ಎಂಬುದನ್ನೂ ಅರ್ಥದ ಅಂಕಣದಲ್ಲಿ ಬರೆಯಬೇಕಲ್ಲವೆ?

ಜತ್ತ ತಾಲ್ಲೂಕಿನ ಒಂದು ಸಂಗತಿಯನ್ನು ಹೇಳಿ ಮುಂದೆ ಹೋಗುತ್ತೇನೆ. 1972ರ ಬರಗಾಲದಲ್ಲಿ ಮಹಾರಾಷ್ಟ್ರ ಸರಕಾರ ತೆರೆದ ಕಾಮಗಾರಿಗಳ ಮೇಲೆ ಜನ ರಸ್ತೆ ಹಾಕಿದರು, ಕೆರೆ ತೋಡಿದರು, ಖಡಿ ಒಡೆದರು. ಆ ಜಾಗಗಳಿಗೆ ನಿಂತ ಹೆಸರಿಲ್ಲ. ಇಂದು ಈ ಗುಡ್ಡ, ನಾಳೆ ಆ ಹಳ್ಳ. ಆದರೂ ಅಲ್ಲಿನ ಮುದುಕರು “ಬರದ ಕೆಲಸದ ಮ್ಯಾಲ ಇದ್ದಿವಿ” ಎನ್ನುತ್ತಾರೆ. ‘ಒಳಗೆ’ ಅಲ್ಲ, ‘ಮೇಲೆ’. ಗೋಡೆಯಿಲ್ಲದ ಜಾಗಕ್ಕೆ ‘-ಆಗ’ ಪ್ರತ್ಯಯ ಹತ್ತುವುದಿಲ್ಲ. ಮರಾಠಿಯ ‘ಕಾಮಾವರ’ ಇದರ ಹಿಂದೆ ಇರಬಹುದು. ಇದ್ದರೂ ಗಿರಣ್ಯಾಗ, ಬರದ ಕೆಲಸದ ಮ್ಯಾಲ ಎಂಬ ಈ ಭೇದ ಈಗ ಜತ್ತದ ಕನ್ನಡದ ವ್ಯಾಕರಣಕ್ಕೆ ಸೇರಿದ್ದು.

ಇದಕ್ಕೆ ಒಂದು ಆಕ್ಷೇಪಣೆ ಬರುತ್ತದೆಂದು ಬಲ್ಲೆ. ಖಾಸಗಿ ಮಾತಿನಲ್ಲಿ ಈಗಾಗಲೇ ಬಂದಿದೆ. ಗಿರಣಿ, ಖಾತೆ, ಬ್ರಾಂಚುಗಳನ್ನೆಲ್ಲ ಗಡಿಕನ್ನಡವೆಂದು ಬರೆದರೆ ನಮ್ಮ ಭಾಷೆಯ ಹಕ್ಕಿನ ವಾದ ದುರ್ಬಲವಾಗುವುದಿಲ್ಲವೆ? ಗಡಿಯಾಚೆ ಶುದ್ಧ ಕನ್ನಡ ಉಳಿದಿದೆ ಎಂದು ತೋರಿಸಬೇಕಾದ ಹೊತ್ತಿನಲ್ಲಿ ಬೆರಕೆಯನ್ನು ಎತ್ತಿ ತೋರಿಸುವುದೇಕೆ? ಈ ಆತಂಕವನ್ನು ನಾನು ಹಗುರಾಗಿ ಕಾಣುವುದಿಲ್ಲ. ಮಹಾಜನ ಆಯೋಗದ 1967ರ ವರದಿಯಿಂದ ಹಿಡಿದು ಪದಪಟ್ಟಿಗಳು ವಕೀಲರ ಕಾಗದಗಳಂತೆ ಓದಿಸಿಕೊಂಡಿವೆ. ಆದರೆ ಶುದ್ಧಿಯ ಆಧಾರದ ಮೇಲೆ ಹಕ್ಕು ಕೇಳುವವನು ಸೋಲಾಪುರದ ಗಿರಣಿಯ ಕನ್ನಡಿಗನನ್ನು ಕನ್ನಡಿಗರ ಲೆಕ್ಕದಿಂದಲೇ ಕೈಬಿಡಬೇಕಾಗುತ್ತದೆ. ಹೊಲದಲ್ಲಿರುವ ಅವನ ಅಣ್ಣ ಕನ್ನಡಿಗ, ಖಾತೆಯಲ್ಲಿರುವ ತಮ್ಮ ಅರ್ಧ ಮರಾಠಿ ಎಂದಾಗುತ್ತದೆ. ಒಂದೇ ಮನೆಯಲ್ಲಿ ಒಂದೇ ಗಂಗಾಳದಲ್ಲಿ ಉಂಡವರು ಅವರು. ಇನ್ನು ನಮ್ಮ ಪಟ್ಟಿಗಳ ಹೆಮ್ಮೆಯಾದ ಕಣ, ರಾಶಿಯಂತ್ರ ಬಂದ ಮೇಲೆ ಎಷ್ಟು ಊರಲ್ಲಿ ಉಳಿದಿದೆ? ಇಲ್ಲದ ಕಣವನ್ನು ನಾಲ್ವತ್ತು ಪದಗಳಲ್ಲಿ ಬರೆದಿಟ್ಟ ನಾನು, ಇದ್ದ ಗಿರಣಿಯನ್ನು ಇದ್ದಾಗ ಬರೆದುಕೊಳ್ಳಲಿಲ್ಲ. ಈಗ ಅದೂ ಇಲ್ಲ, ಅದರ ಒಳಗೆ ನಿಂತವರಲ್ಲೂ ಕೆಲವರೇ ಉಳಿದಿದ್ದಾರೆ.

ಕೇಳುವ ರೀತಿಯನ್ನು ಬದಲಿಸಬೇಕು. ‘ಇದಕ್ಕೆ ನಿಮ್ಮಲ್ಲಿ ಏನಂತಾರೆ?’ ಎಂದು ವಸ್ತುವನ್ನು ತೋರಿಸಿ ಕೇಳಿದರೆ ಒಂದು ನಾಮಪದ ಸಿಗುತ್ತದೆ. ‘ನಿನ್ನೆ ಎಲ್ಲಿಗೆ ಹೋಗಿದ್ದಿ? ಅಲ್ಲಿ ಯಾರಿದ್ದರು? ಎಷ್ಟಕ್ಕೆ ಬಿಟ್ಟರು?’ ಎಂದು ಕೇಳಿದರೆ ವಿಭಕ್ತಿ, ಕ್ರಿಯಾಪದ, ಮನುಷ್ಯರು ಎಲ್ಲ ಒಟ್ಟಿಗೆ ಬರುತ್ತಾರೆ. ಎಲ್ಲಿಗೂ ಹೋಗದವರನ್ನು ಕೇಳಲು ಇನ್ನೊಂದು ಪ್ರಶ್ನೆ ಬೇಕು. ಅದನ್ನು ಮಂಜೇಶ್ವರದ ಜಗಲಿಯಲ್ಲಿ ಕಲಿತೆ. ಕೈಯಲ್ಲಿರುವುದನ್ನು ನೋಡಿ, ‘ಇದನ್ನು ಯಾರಿಗೆ ಕೊಡುದು?’ ಎಂದು ಕೇಳಬೇಕು.

ಕಾಕಾ ತೀರಿಕೊಳ್ಳುವ ಒಂದೆರಡು ವರ್ಷ ಮೊದಲು ಅವನ ಮೊಮ್ಮಗ ಸೋಲಾಪುರದಲ್ಲೇ ಕೆಲಸಕ್ಕೆ ಸೇರಿದ್ದ. ನಾನು ಊರಿಗೆ ಹೋದಾಗ ಎಲ್ಲಿ ಅದೀಯಪಾ ಎಂದು ಕೇಳಿದೆ. “ಎಮ್ಮಾಯ್ಡಿಸ್ಯಾಗ ಅದೀನ್ರಿ” ಎಂದ. ಮಹಾರಾಷ್ಟ್ರದಲ್ಲಿ ಕೈಗಾರಿಕಾ ವಸಾಹತುಗಳನ್ನು ಕಟ್ಟಲು 1962ರಲ್ಲಿ ಹುಟ್ಟಿದ ಸರಕಾರಿ ನಿಗಮದ ಇಂಗ್ಲಿಷ್ ಹೆಸರಿನ ನಾಲ್ಕು ಮೊದಲಕ್ಷರಗಳು ಅವು. ಹುಡುಗನಿಗೆ ಅದರ ಬಿಡಿಸಿದ ರೂಪ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ‘ಗಿರಣ್ಯಾಗ’ದ ಅದೇ ಸಪ್ತಮಿ ಅದಕ್ಕೆ ಹತ್ತಿತ್ತು. ಕಟ್ಟೆಯ ಮೇಲೆ ಕೂತಿದ್ದ ಕಾಕಾ ಕಿವಿಗೆ ಕೈಯಿಟ್ಟು ಕೇಳಿದ: “ಯಾವ ಖಾತೆ?” “ಖಾತೆ ಅಲ್ಲ ಮುತ್ಯಾ, ಪ್ಯಾಕಿಂಗ್ ಡಿಪಾರ್ಟಮೆಂಟ.” “ಅದ ಹೌದಲ್ಲೋ, ಪ್ಯಾಕಿಂಗ್ ಖಾತೆ. ಕಿಡಕಿ ಅದಾವೇನು?” ಹುಡುಗ ಸ್ವಲ್ಪ ಯೋಚಿಸಿ, “ಅದಾವ, ತಗಿಯಂಗಿಲ್ಲ” ಎಂದ. ಆ ದಿನದ ಚೀಟಿಯಲ್ಲಿ ಎರಡೂ ಪದಗಳನ್ನು ಬರೆದುಕೊಂಡೆ. ಮೂಲ ಭಾಷೆಯ ಅಂಕಣವನ್ನು ಖಾಲ್ಯಾಗಿಯೇ ಬಿಟ್ಟಿದ್ದೇನೆ.